ಹೊಸ್ತಿಲಿಗೆ ಹೊಳೆ ಬರುವ ಮುಂಚೆ

ಸತ್ಯನಾರಾಯಣಪೇಟೆ

ಜಪಾನಿನಲ್ಲಿ ನಾನು ಮೊದಲು ಕಲಿತದ್ದು ಮೇಜಿನ ಕೆಳಗೆ ಕೂಡುವುದನ್ನು. ಹೋದದ್ದು ಮಾತ್ರ ಜೀನ್ಸ್ ಹೊಲಿಯುವ ಯಂತ್ರದ ರಿಪೇರಿ ಕಲಿಯಲಿಕ್ಕೆ. ಎರಡನ್ನೂ ಕಲಿತು ಬಂದೆ. ಇವೆರಡಕ್ಕಿಂತ ದೊಡ್ಡದೊಂದನ್ನು, ನಮ್ಮ ಅಕ್ಕನ ಮನೆಗೆ ಬೇಕಾಗಿದ್ದನ್ನು, ನಾನು ಕೇಳದೆಯೇ ಕೊಟ್ಟು ಕಳಿಸಿದರು. ಅದನ್ನು ಹೇಳದೆ ಇದ್ದರೆ ಹೊಟ್ಟೆ ಉಬ್ಬುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಪಂಪಾಪತಿ. ಹುಟ್ಟಿದ್ದು ಸಿರುಗುಪ್ಪ ತಾಲೂಕಿನ ರಾರಾವಿಯಲ್ಲಿ. ಏಳನೆಯ ತರಗತಿಗೆ ಶಾಲೆ ಬಿಟ್ಟು ಬಳ್ಳಾರಿಗೆ ಬಂದು, ಜೀನ್ಸ್ ಪ್ಯಾಂಟಿಗೆ ಗುಂಡಿ ಹಚ್ಚುವ ಕೆಲಸಕ್ಕೆ ನಿಂತೆ. ಗುಂಡಿಯಿಂದ ಜೇಬಿಗೆ, ಜೇಬಿನಿಂದ ಸೊಂಟಪಟ್ಟಿಗೆ, ಹಾಗೇ ಮೇಲೆ ಬಂದೆ. ಈಗ ಮನೆ ಸತ್ಯನಾರಾಯಣಪೇಟೆಯಲ್ಲಿ, ಗಾಂಧಿನಗರದಲ್ಲಿ ನನ್ನದೇ ಹೊಲಿಗೆ ಶೆಡ್ಡು ಇದೆ. ನನ್ನ ಶೆಡ್ಡಿನ ಪ್ಯಾಂಟಿನ ಹೊಲಿಗೆ ಬಿಚ್ಚಿತು ಎಂದು ಇವತ್ತಿನ ತನಕ ಯಾರೂ ವಾಪಸ್ಸು ತಂದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇದೆ, ಇರಲಿ.

ಪ್ಯಾಂಟಿನ ಕಾಲಿನ ಅಂಚನ್ನು ಸರಪಳಿಯಂತೆ ಹೊಲಿಯುವ ಹಳೇ ಯಂತ್ರವೊಂದು ಬರುತ್ತದೆ. ಅದು ಕೆಟ್ಟರೆ ನಮ್ಮ ಕಡೆ ರಿಪೇರಿ ಮಾಡುವವರು ಇಲ್ಲ. ಹಳೇ ಯಂತ್ರಗಳ ವ್ಯಾಪಾರ ಮಾಡುವ ವೆಂಕಟೇಶ್ವರ್ಲು ಗುಂತಕಲ್ಲಿನವನು, ಇಪ್ಪತ್ತು ವರ್ಷದಿಂದ ಜಪಾನಿನಲ್ಲಿದ್ದಾನೆ. “ಅಣ್ಣಾ, ನೀ ಬಾ. ಇಲ್ಲಿ ಒಬ್ಬ ಅವ್ವ ಇದಾಳೆ, ಆ ಮೆಷಿನ್ ಹೊಟ್ಟೆಯೊಳಗಿಂದು ಎಲ್ಲಾ ಗೊತ್ತು ಆಕೆಗೆ,” ಎಂದು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಕರೆದ. ಹೊರಟೆ.

ನನ್ನ ಹೆಂಡತಿ ಈರಮ್ಮ ಕುರುಗೋಡಿನವಳು. ಎರಡು ದಿನ ಕೂತು ಕಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಪುಡಿ ಕುಟ್ಟಿ, ನನ್ನ ಬಟ್ಟೆಗಿಂತ ಹೆಚ್ಚು ಜಾಗ ಅದಕ್ಕೇ ಕೊಟ್ಟಳು.

“ಅಲ್ಲಿ ಹಸಿ ಮೀನು ತಿಂತಾರಂತರೀ. ಕೇಳಿ ತಿನ್ರಿ,” ಎಂದಳು.

ಹೊರಡುವ ಮುಂಜಾನೆ ರಾರಾವಿಯಿಂದ ಅಕ್ಕ ಹಂಪಮ್ಮನ ಫೋನು.

“ಲೇ ತಮ್ಮ, ಜಪಾನದಾಗ ಭೂಮಿ ನಡಗತೈತಂತಲ್ಲೋ. ಹುಷಾರಪಾ.”

“ನಂದಿರಲಿ. ಡ್ಯಾಮು ತುಂಬೇತಿ ಅಂತ ಪೇಪರಿನ್ಯಾಗ ಬಂದೈತಿ. ನೀ ಹುಷಾರು.”

“ಹೊಳಿ ನನಗೇನು ಹೊಸದಾ? ಬಂದ್ರ ಉಡಿ ತುಂಬಿ ಕಳಸ್ತೀನಿ.”

ಈ ಮಾತನ್ನು ಬಿಡಿಸಿ ಹೇಳಬೇಕು. ಅಕ್ಕನ ಮನೆ ಊರಿನಿಂದ ಆಚೆ, ಹೊಳೆಯ ಕಡೆಗೆ, ಒಂದು ದಿಬ್ಬದ ಮೇಲಿದೆ. ಅಲ್ಲಿ ಒಟ್ಟು ನಾಲ್ಕು ಮನೆ. ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಹೊಳೆ ಉಕ್ಕಿ ಬಂದಾಗ ಮನೆಯ ಹೆಣ್ಣುಮಗಳು ಹೊಸ್ತಿಲಲ್ಲಿ ಕಾದು ನಿಲ್ಲಬೇಕು. ನೀರು ಹೊಸ್ತಿಲು ಮುಟ್ಟಿದ ಮೇಲೆ ಅರಿಶಿನ ಕುಂಕುಮ ಹಾಕಿ, ಕುಪ್ಪಸದ ಖಣ, ಅಕ್ಕಿ, ತೆಂಗಿನಕಾಯಿ ಇಟ್ಟು ಗಂಗಮ್ಮನ ಉಡಿ ತುಂಬಿ, “ಬಂದೀ ತಾಯಿ, ತಣ್ಣಗ ಹೋಗು” ಎಂದು ಹೇಳಿ, ಆಮೇಲೆ ಮನೆ ಬಿಡಬೇಕು. ಗಂಗಮ್ಮ ಬಾಗಿಲಿಗೆ ಬಂದಾಗ ಮನೆಗೆ ಕೀಲಿ ಬಿದ್ದಿರಬಾರದು. ಅಜ್ಜಿ ಹೀಗೆ ಮಾಡಿದಳು, ಅವ್ವ ಮಾಡಿದಳು, ಈಗ ಅಕ್ಕ. ಅಕ್ಕ ಗದ್ದೆಗೆ ಸಸಿ ನಾಟುವ ಹೆಣ್ಣಾಳುಗಳ ಗುಂಪಿಗೆ ಮುಂದಾಳು. ಅವಳು ಮನೆ ಬಿಟ್ಟು ಏಳದೆ ದಿಬ್ಬದ ಉಳಿದ ಮೂರು ಮನೆಯವರೂ ಏಳುವುದಿಲ್ಲ. ಅವಳ ಗಂಡ, ನಮ್ಮ ದೊಡ್ಡಬಸಪ್ಪ ಮಾವ, ಮೊಣಕಾಲು ಹೋಗಿ ಕೋಲು ಹಿಡಿದು ನಡೆಯುತ್ತಾನೆ. ಆದ್ದರಿಂದ ಹೊಳೆ ತುಂಬಿತು ಅಂದರೆ ನನ್ನ ಜೀವ ರಾರಾವಿಯಲ್ಲೇ ಇರುತ್ತದೆ.

ಜೀನ್ಸಿನ ಊರು

ಆ ಊರಿನ ಹೆಸರನ್ನು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ತಪ್ಪು ಬರೆಯುವುದಕ್ಕಿಂತ ಬಿಡುವುದೇ ಲೇಸು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ, ನಡುವೆ ಒಂದು ನದಿ. ಓಣಿಯ ತುಂಬಾ ಜೀನ್ಸ್ ಹೊಲಿಯುವವರು. ರಸ್ತೆಯ ಮೇಲೆ ತಂತಿ ಕಟ್ಟಿ, ಅಂಗಡಿಯ ಗುರುತಿಗೆ ಪ್ಯಾಂಟುಗಳನ್ನು ತೂಗಾಡಿಸಿದ್ದರು. ನೋಡಿದ ಕೂಡಲೇ ನನಗೆ ಬೀಗರ ಮನೆಗೆ ಬಂದಂತಾಯಿತು. ನೀಲಿ ಬಣ್ಣದ ವಾಸನೆ ಎಲ್ಲಿದ್ದರೂ ಒಂದೇ.

ನನಗೆ ಇಳಿಯಲು ಕೊಟ್ಟ ಕೋಣೆ ನಮ್ಮ ಶೆಡ್ಡಿನ ಕತ್ತರಿಸುವ ಮೇಜಿನಷ್ಟೇ ಇತ್ತು. ಹಾಸಿಗೆಯ ಪಕ್ಕದ ಗೋಡೆಗೆ ಒಂದು ಬ್ಯಾಟರಿ ಟಾರ್ಚು ಸಿಕ್ಕಿಸಿದ್ದರು. ಮುಟ್ಟಿ ನೋಡೋಣ ಎಂದು ಕಿತ್ತೆ, ಅದು ತನ್ನಷ್ಟಕ್ಕೇ ಹತ್ತಿಕೊಂಡಿತು. ತಿರುಗಿ ಗೋಡೆಗೆ ಸಿಕ್ಕಿಸಲು ಬರದೆ, ಉರಿಯುವ ಬ್ಯಾಟರಿಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದೊಳಗೆ ತುರುಕಿದೆ. ಕಸ ಗುಡಿಸಲು ಬಂದ ಹೆಂಗಸು ಚೀಲ ಬೆಳಗುವುದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನು ಕದ್ದೆ ಎಂದು ತಿಳಿದಳೋ ಏನೋ. ಬಾಗಿಲ ಹಿಂದೆ ಒಂದು ನಕ್ಷೆಯೂ ಇತ್ತು: ಏನಾದರೂ ಆದರೆ ಯಾವ ಮೆಟ್ಟಿಲಿಳಿದು ಯಾವ ಕಡೆ ಹೋಗಬೇಕು ಎಂದು.

ಬೀದಿಯ ಲೈಟಿನ ಕಂಬಗಳಿಗೆ ನೀಲಿ ಪಟ್ಟಿ ಹಚ್ಚಿದ್ದರು. ಕೆಲವು ನನ್ನ ತಲೆಗಿಂತ ಮೇಲೆ. ಯಾವುದೋ ಬಣ್ಣದ ಕಂಪನಿಯ ಜಾಹೀರಾತು ಎಂದುಕೊಂಡೆ.

“ಅಲ್ಲ ಅಣ್ಣಾ,” ಎಂದ ವೆಂಕಟೇಶ್ವರ್ಲು. “ನದಿ ಒಡ್ಡು ಒಡೆದರೆ ನೀರು ಇಲ್ಲಿ ಇಷ್ಟೆತ್ತರ ಬರಬಹುದು ಅಂತ ಗುರುತು.”

“ಇದರ ಕೆಳಗ ನಿಂತು ಐಸ್‌ಕ್ರೀಮ್ ತಿನ್ನಾಕತ್ತಾರಲ್ಲೋ ಮಂದಿ!”

“ಗೊತ್ತಿದ್ದೂ ತಿಂತಾರೆ, ಗೊತ್ತಿಲ್ಲದೆ ಅಲ್ಲ. ಅದೇ ಇವರ ಗತ್ತು.”

ನಮ್ಮಲ್ಲಿ ಹೊಳೆ ಬಂದು ಹೋದ ಗುರುತು ಗೋಡೆಯ ಮೇಲೆ ಇರುತ್ತದೆ. ಮುಂದಿನ ದೀಪಾವಳಿಗೆ ಸುಣ್ಣ ಬಳಿದು ಅಳಿಸುತ್ತೇವೆ. ಇಲ್ಲಿ ಬಾರದ ನೀರಿಗೂ ಗುರುತು ಬರೆದಿಟ್ಟಿದ್ದಾರೆ.

ಮೇಜಿನ ಕೆಳಗೆ

ವೆಂಕಟೇಶ್ವರ್ಲು ಹೇಳಿದ ಆ ಅವ್ವನ ಹೆಸರು ಹಾರುಕೋ. ಎಪ್ಪತ್ತು ದಾಟಿದವಳು, ನನ್ನ ಭುಜದಷ್ಟೂ ಎತ್ತರವಿಲ್ಲ. ಅವಳ ಹೊಲಿಗೆ ಮನೆಯಲ್ಲಿ ಆರು ಜನ ಹೆಂಗಸರು ಕೆಲಸ ಮಾಡುತ್ತಿದ್ದರು. ಮೊದಲ ದಿನ ನನ್ನ ಕೈ ಹಿಡಿದು ಬೆರಳಿನ ಗಂಟುಗಳನ್ನು ಒತ್ತಿ ನೋಡಿ ಏನೋ ಅಂದಳು.

“ಈ ಕೈ ಕೆಲಸ ಮಾಡಿದ ಕೈ ಅಂತಾಳೆ,” ಎಂದ ವೆಂಕಟೇಶ್ವರ್ಲು. ಅಲ್ಲಿಗೆ ನಾವಿಬ್ಬರೂ ದೋಸ್ತರಾದೆವು.

ಮೂರನೆಯ ದಿನ ನಾನು ಯಂತ್ರದ ತಲೆ ಬಿಚ್ಚಿ, ಒಳಗಿನ ಕೊಕ್ಕೆ ನೋಡುತ್ತಿದ್ದೆ. ಒಮ್ಮೆಲೇ ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿದವು. ಅಂಥ ದನಿಯನ್ನು ನಾನು ಕೇಳಿರಲಿಲ್ಲ. ಹಾರುಕೋ ಇಸ್ತ್ರಿಯ ಸ್ವಿಚ್ಚು ಆರಿಸಿದಳು. ಆರೂ ಜನ ಹೆಂಗಸರು ಮಾತಿಲ್ಲದೆ ಕತ್ತರಿಸುವ ಮೇಜಿನ ಕೆಳಗೆ ಹೋಗಿ ಕುಕ್ಕರಗಾಲಲ್ಲಿ ಕೂತರು. ನಾನು?

ಬಳ್ಳಾರಿಯ ಹೊಲಿಗೆ ಶೆಡ್ಡುಗಳಲ್ಲಿ ಗದ್ದಲವಾಯಿತು ಎಂದರೆ ಒಂದೇ ಅರ್ಥ: ಚರಂಡಿ ತುಂಬಿ ಮಳೆ ನೀರು ಒಳಗೆ ಬಂತು. ಆಗ ನಾವು ಮಾಡುವುದೂ ಒಂದೇ: ಯಂತ್ರ ಎತ್ತುವುದು. ಮೂವತ್ತು ವರ್ಷ ಅದನ್ನೇ ಮಾಡಿದ ಕೈ ನನ್ನದು. ಯಂತ್ರದ ತಲೆಯನ್ನು ಎದೆಗೆ ಅವುಚಿಕೊಂಡು, ಕೂಸನ್ನು ಎತ್ತಿಕೊಂಡ ಬಾಣಂತಿಯ ಹಾಗೆ, ನಡುಮನೆಯಲ್ಲಿ ನಿಂತುಬಿಟ್ಟೆ. ಕಾಲ ಕೆಳಗಿನ ನೆಲ ಒಮ್ಮೆ ಜರುಗಿತು. ಮತ್ತೆ ಜರುಗಿತು. ತೂಗುಬಲ್ಬು ಗಡಿಯಾರದ ಲೋಲಕದ ಹಾಗೆ ಆಡಿತು. ಯಾರೋ ನನ್ನ ಪ್ಯಾಂಟಿನ ಕಾಲು ಹಿಡಿದು ಜಗ್ಗಿದರು. ಹಾರುಕೋ. ಯಂತ್ರದ ಸಮೇತ ಮೇಜಿನ ಕೆಳಗೆ ಬಿದ್ದೆ.

ಸಣ್ಣದೊಂದು ನಡುಕ ಅಷ್ಟೇ, ನಿಂತಿತು. ಹೆಂಗಸರು ಎದ್ದು ಸ್ಕರ್ಟು ಕೊಡವಿಕೊಂಡು ಹೊಲಿಗೆಗೆ ಕೂತರು. ನನ್ನ ಎದೆ ಮಾತ್ರ ಡೊಳ್ಳು. ಆದರೆ ಹೆದರಿಕೆಯಲ್ಲ, ಏನೋ ಹುರುಪು! ಭೂಮಿ ನಡುಗುವುದನ್ನು ನೋಡಿದೆನಲ್ಲ!

ಹಾರುಕೋ ಮುಖದಲ್ಲಿ ನಗೆ ಇರಲಿಲ್ಲ. ಯಂತ್ರದ ಕಡೆ ಬೆರಳು ತೋರಿಸಿ, ನನ್ನ ಕಡೆ ತೋರಿಸಿ, ಬಿರುಸಾಗಿ ಬೈದಳು.

“ಏನಂತಾಳ?”

ವೆಂಕಟೇಶ್ವರ್ಲು ತಲೆ ಕೆರೆದುಕೊಂಡ. “ಕಬ್ಬಿಣ ಮತ್ತೆ ಸಿಗುತ್ತೆ, ಕತ್ತೆ, ಅಂತ. ಕತ್ತೆ ನಾನು ಸೇರಿಸಿದ್ದಣ್ಣಾ.”

ಆಮೇಲೆ ಕಣ್ಣು ಬಿಟ್ಟು ನೋಡಿದೆ. ಬಟ್ಟೆಯ ಸುರುಳಿಗಳನ್ನು ಪಟ್ಟಿ ಹಾಕಿ ಗೋಡೆಗೆ ಬಿಗಿದಿದ್ದರು. ಕಪಾಟುಗಳು ಬೀಳದಂತೆ ಮೇಲುಗಡೆ ಕಬ್ಬಿಣದ ಮೂಲೆಪಟ್ಟಿ ಹೊಡೆದಿದ್ದರು. ಪ್ರತಿಯೊಬ್ಬರ ಕುರ್ಚಿಯ ಕೆಳಗೂ ಒಂದು ಜೊತೆ ಗಟ್ಟಿ ಬೂಟು, ಗಾಜು ಒಡೆದರೆ ತುಳಿದು ಹೋಗಲಿಕ್ಕೆ. ಮೂರು ದಿನ ಅಲ್ಲೇ ಇದ್ದು ಇದೊಂದನ್ನೂ ನಾನು ಕಂಡಿರಲಿಲ್ಲ. ಕಣ್ಣೆಲ್ಲ ಯಂತ್ರದ ಮೇಲಿತ್ತು.

ಭಾನುವಾರ, ಶಾಲೆಯ ಅಂಗಳ

ಭಾನುವಾರ ಕೆಲಸಕ್ಕೆ ರಜೆ. ಆದರೆ ಹಾರುಕೋ ಮುಂಜಾನೆಯೇ ಬಂದು ನನ್ನನ್ನು ಎಬ್ಬಿಸಿ, ಓಣಿಯ ಶಾಲೆಗೆ ಕರೆದುಕೊಂಡು ಹೋದಳು. ವರ್ಷಕ್ಕೊಮ್ಮೆ ಓಣಿಯವರೆಲ್ಲ ಸೇರಿ ಅನಾಹುತ ಬಂದರೆ ಏನು ಮಾಡಬೇಕು ಎಂದು ಅಭ್ಯಾಸ ಮಾಡುವ ದಿನವಂತೆ. ಚಿಕ್ಕಂದಿನಲ್ಲಿ ಶಾಲೆಯಿಂದ ಓಡಿಹೋದವನನ್ನು ಐವತ್ತರ ಮೇಲೆ ಕೈ ಹಿಡಿದು ಶಾಲೆಗೆ ಸೇರಿಸಿದಂತಾಯಿತು.

ನಾನು ಭಾಷಣ ಇರುತ್ತದೆ, ಹಾರ ಇರುತ್ತದೆ ಎಂದುಕೊಂಡಿದ್ದೆ. ಒಂದೂ ಇಲ್ಲ. ಅಂಗಳದಲ್ಲಿ ಒಬ್ಬಳು ಅಜ್ಜಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಗುರಿ ಕಲಿಯುತ್ತಿದ್ದಳು. ಕೆಲವರು ಕಂಬಳಿಗೆ ಎರಡು ಬಿದಿರು ಸುತ್ತಿ, ಅದರ ಮೇಲೆ ಒಬ್ಬ ದಪ್ಪ ಮನುಷ್ಯನನ್ನು ಮಲಗಿಸಿ ಹೊರುತ್ತಿದ್ದರು. ಅವನು ಆರಾಮಾಗಿ ಆಕಾಶ ನೋಡುತ್ತಿದ್ದ.

ಒಂದು ಲಾರಿ ನಿಂತಿತ್ತು. ಅದರ ಮೇಲೆ ಮನೆಯ ಕೋಣೆಯ ಹಾಗೆ ಮೇಜು ಕುರ್ಚಿ. ಸ್ವಿಚ್ಚು ಹಾಕಿದರೆ ಭೂಕಂಪದ ಹಾಗೆ ಅಲ್ಲಾಡುತ್ತದೆ.

“ವೆಂಕಟೇಶ್ವರ್ಲು, ಇವರಿಗೆ ಹೇಳು,” ಎಂದೆ. “ಸಿರುಗುಪ್ಪ ರಸ್ತ್ಯಾಗ ಟಂಟಂ ಹಿಂದ ಜೋತುಬಿದ್ದು ಬೆಳದ ಮನಷ್ಯಾ ನಾನು. ಇದು ನನಗೆ ತೊಟ್ಟಲಾ.”

ಅವನು ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹತ್ತಿ ಕಾಲ ಮೇಲೆ ಕಾಲು ಹಾಕಿ ಕೂತೆ. ಸ್ವಿಚ್ಚು ಹಾಕಿದರು. ನಮ್ಮ ಮೂರು ಗಾಲಿಯ ಟಂಟಂ ಮೇಲೆ ಕೆಳಗೆ ಹಾರುತ್ತದೆ. ಇದು ಅಡ್ಡಡ್ಡ ಜಗ್ಗುತ್ತದೆ, ಎತ್ತು ಕೊಂಬಿನಿಂದ ತಿವಿದ ಹಾಗೆ. ಕಾಲ ಮೇಲಿನ ಕಾಲು ಎಲ್ಲಿ ಹೋಯಿತೋ ಗೊತ್ತಿಲ್ಲ. ಕಣ್ಣು ತೆರೆದಾಗ ನಾನು ಸ್ವಿಚ್ಚು ಹಾಕಿದವನ ಎರಡೂ ಕಾಲುಗಳನ್ನು ತಬ್ಬಿಕೊಂಡು ಬಿದ್ದಿದ್ದೆ. ಮೇಜಿನ ಕೆಳಗಿನಿಂದ ಹಾರುಕೋ ಇಣುಕಿ ನೋಡುತ್ತಿದ್ದಳು. ಈ ಸಲ ಅವಳೂ ನಕ್ಕಳು.

ಆಮೇಲೆ ಊಟ. ಬಿಸಿನೀರು ಹಾಕಿದರೆ ಅನ್ನವಾಗುವ ಒಣ ಅಕ್ಕಿಯ ಪೊಟ್ಟಣಗಳನ್ನು ಬಿಚ್ಚಿದರು. ವಿದ್ಯುತ್ತು ಹೋದಾಗ, ಅಂಗಡಿ ಮುಚ್ಚಿದಾಗ ತಿನ್ನುವಂಥದ್ದು. ಬಾಯಿಗಿಟ್ಟೆ. ಪಾಪ, ಜೀವ ಉಳಿಸಲಿಕ್ಕೆ ಮಾಡಿದ್ದು, ರುಚಿಗಲ್ಲ. ಚೀಲದಿಂದ ಈರಮ್ಮನ ಕಡಕ್ ರೊಟ್ಟಿ, ಚಟ್ನಿ ಪುಡಿ ತೆಗೆದೆ. ಎಷ್ಟು ದಿನ ಇರುತ್ತದೆ ಎಂದು ಕೇಳಿದರು. ಇಲಿ ಮುಟ್ಟದಿದ್ದರೆ ತಿಂಗಳುಗಟ್ಟಲೆ ಎಂದೆ. ಒಲೆ ಬೇಡ, ಬಿಸಿನೀರೂ ಬೇಡ ಎಂದೆ. ಎಲ್ಲರೂ ಸಾಲಾಗಿ ನಿಂತು ಒಂದೊಂದು ತುಂಡು ಮುರಿದರು. ಶಾಲೆಯ ಅಂಗಳದ ತುಂಬಾ ಕಟಂ, ಕಟಂ. ಕಟ್ಟಿಸಿದ ಹಲ್ಲಿನ ಮುದುಕನೊಬ್ಬ ಚಹಾದಲ್ಲಿ ಅದ್ದಿ ತಿಂದು, ಎರಡನೆಯ ತುಂಡಿಗೆ ಕೈ ಚಾಚಿದ. ಬಿಳಿಜೋಳಕ್ಕೆ ಅಂಥ ಮರ್ಯಾದೆ ಸಿಕ್ಕಿದ್ದನ್ನು ನೋಡಿ ನನಗೆ ಕುಣಿಯುವಂತಾಯಿತು.

ಆ ಹುರುಪಿನಲ್ಲೇ ನಮ್ಮ ಹರಗೋಲಿನ ಕಥೆ ತೆಗೆದೆ. ಹರಗೋಲು ಎಂದರೆ ಬಿದಿರಿನಿಂದ ಹೆಣೆದ ದುಂಡನೆಯ ದೋಣಿ ಎಂದು ನೆಲದ ಮೇಲೆ ಬರೆದು ತೋರಿಸಿದೆ. ಹಿಂದಿನ ದೊಡ್ಡ ನೀರಿನ ವರ್ಷ ಅಕ್ಕ ಹೊಸ್ತಿಲಲ್ಲಿ ನಿಂತು ಉಡಿ ತುಂಬಿದ್ದು, ತಿರುಗಿ ನೋಡಿದರೆ ಸುತ್ತಲೂ ಹೊಳೆ, ನಾನು ಅಂಬಿಗರನ್ನು ಕರೆದುಕೊಂಡು ಹರಗೋಲಿನಲ್ಲಿ ಹೋಗಿದ್ದು, ಮಾವನನ್ನು ಭತ್ತದ ಚೀಲದ ಹಾಗೆ ಹೆಗಲ ಮೇಲೆ ಹೊತ್ತು ಇಳಿಸಿದ್ದು, ಹರಗೋಲು ಮೂರು ಸುತ್ತು ತಿರುಗಿದ್ದು, ಮಾವ ಕಣ್ಣು ಮುಚ್ಚಿ ಎಲ್ಲ ದೇವರನ್ನೂ ಕರೆದದ್ದು. ನಮ್ಮ ಊರಲ್ಲಿ ಈ ಕಥೆಗೆ ಜನ ಕುರ್ಚಿ ಎಳೆದುಕೊಂಡು ಕೂಡುತ್ತಾರೆ. ನಾನು ಚಪ್ಪಾಳೆಗೆ ಕಾದೆ.

ಯಾರೂ ತಟ್ಟಲಿಲ್ಲ.

ಹಾರುಕೋ ಮೆಲ್ಲಗೆ ಕೇಳಿದಳು. “ನೀರು ಬರುತ್ತದೆ ಎಂದು ನಿಮಗೆ ಯಾವಾಗ ಗೊತ್ತಾಗಿತ್ತು?”

“ಹಿಂದಿನ ದಿನಾನ ಡಂಗುರ ಹೊಡಿಸಿದ್ರು,” ಎಂದೆ.

ಅವಳು ತಲೆ ಆಡಿಸಿದಳು. ಕೈಯಲ್ಲಿದ್ದ ರೊಟ್ಟಿಯ ತುಂಡು ಕೆಳಗಿಟ್ಟು ಮಾತಾಡಿದಳು. ವೆಂಕಟೇಶ್ವರ್ಲು ಕೂಡ ದನಿ ಇಳಿಸಿ ಹೇಳಿದ. “ನಮ್ಮ ಮನೆಯಲ್ಲೂ ಇಂಥ ಕಥೆಗಳಿದ್ದವು ಅಂತಾಳೆ. ಗಂಡ ಬಹಳ ಚಂದ ಹೇಳ್ತಿದ್ದ. ಒಂದು ವರ್ಷ ಎಲ್ಲರೂ ಹೊರಗೆ ಬಂದ ಮೇಲೆ ಒಂದು ಮೆಷಿನ್ ತರ್ತೀನಿ ಅಂತ ವಾಪಸ್ ಹೋದ. ಆ ವರ್ಷದ ಕಥೆ ಹೇಳೋಕೆ ಅವನು ಇರಲಿಲ್ಲ.”

ಮೇಜಿನ ಕೆಳಗೆ ಅವಳು ನನಗೇಕೆ ಅಷ್ಟು ಬೈದಳು ಎಂದು ಆಗ ತಿಳಿಯಿತು.

ಕಾಗದದ ಪಟ್ಟಿ

ಅಲ್ಲಿ ಪ್ರತಿ ಮನೆಯವರೂ ಒಂದು ಉದ್ದನೆಯ ಕಾಗದದ ಪಟ್ಟಿಯಲ್ಲಿ ತಮ್ಮ ಮನೆಯ ಲೆಕ್ಕ ಬರೆದಿಡುತ್ತಾರೆ. ಒಂದು ತುದಿಯಲ್ಲಿ “ನೀರು ಮನೆಗೆ ಬಂತು” ಎಂದು ಬರೆಯುವುದು. ಅಲ್ಲಿಂದ ಹಿಂದೆ ಹಿಂದೆ ಬರುವುದು. ಅದಕ್ಕೂ ಮುಂಚೆ ಎಲ್ಲಿಗೆ ಬರುತ್ತದೆ? ಅದಕ್ಕೂ ಮುಂಚೆ? ಮನೆಯಲ್ಲಿ ಮೆಲ್ಲಗೆ ನಡೆಯುವವರು ಯಾರು? ಅವರು ಯಾವಾಗ ಎದ್ದರೆ ನಡೆದೇ ಹೋಗಬಹುದು? ನಮ್ಮ ಪ್ಯಾಂಟಿನ ಹೊಲಿಗೆ ಬಿಚ್ಚಿ ಮೊದಲ ತುಂಡಿನ ತನಕ ಹೋದ ಹಾಗೆ. ಈ ಕೆಲಸ ನನಗೆ ಬರುತ್ತದೆ ಎಂದೆ. ಊಟದ ಮೇಲೆ ಆ ಶಾಲೆಯಲ್ಲೇ ರಾರಾವಿಯ ಪಟ್ಟಿ ಬರೆಯಲು ಕೂತೆ.

ತುದಿಯಲ್ಲಿ ಬರೆದೆ: ಹೊಸ್ತಿಲಿಗೆ ನೀರು. ಅದಕ್ಕೂ ಮುಂಚೆ: ಅಂಗಳದ ಹುಣಸೆಮರ.

“ಆಗ ಹೊರಗೆ ಹೋಗುವ ದಾರಿ ಎಲ್ಲಿರುತ್ತದೆ?” ಎಂದು ಹಾರುಕೋ ಕೇಳಿದಳು.

ದಾರಿ ಬರೆದೆ. ದಿಬ್ಬದಿಂದ ಇಳಿದು, ಹಳ್ಳದ ತಗ್ಗಿಗೆ ಬಂದು, ಅಲ್ಲಿನ ಸಣ್ಣ ಸೇತುವೆಯಾದ ಮೋರಿ ದಾಟಿ, ಮತ್ತೆ ಏರಿ ಊರಬಾಗಿಲಾದ ಅಗಸಿಗೆ. ನಾನು ಹುಟ್ಟಿದಾಗಿನಿಂದ ನಡೆದ ದಾರಿ. ಪೆನ್ಸಿಲ್ಲು ತಗ್ಗಿನಲ್ಲಿ ನಿಂತುಬಿಟ್ಟಿತು. ಹೊಳೆ ಏರಿದಾಗ ಮೊದಲು ಹಳ್ಳಕ್ಕೆ ಹಿಮ್ಮುಖವಾಗಿ ನುಗ್ಗುತ್ತದೆ. ಮೋರಿ ಮುಳುಗಿ ಎಷ್ಟೋ ಹೊತ್ತಾದ ಮೇಲೆ ದಿಬ್ಬದ ಮೇಲಿನ ಹೊಸ್ತಿಲಿಗೆ ನೀರು ಬರುತ್ತದೆ. ಅಂದರೆ ಅಕ್ಕ ಹೊಸ್ತಿಲಲ್ಲಿ ಕಾಯುವಾಗಲೇ ದಾರಿ ಹೋಗಿರುತ್ತದೆ. ಪ್ರತಿ ಸಲವೂ. ಅಜ್ಜಿಯ ಕಾಲದಿಂದಲೂ. ಹರಗೋಲಿನ ಕಥೆ ನಮ್ಮ ಧೈರ್ಯದಿಂದ ಹುಟ್ಟಿದ್ದಲ್ಲ, ಆ ತಗ್ಗಿನಿಂದ ಹುಟ್ಟಿದ್ದು. ಅರ್ಧ ಶತಮಾನ ಕಣ್ಣ ಮುಂದೆ ಇದ್ದದ್ದನ್ನು ನಾನು ಜಪಾನಿನ ಶಾಲೆಯೊಂದರ ಸಣ್ಣ ಬೆಂಚಿನ ಮೇಲೆ ಮೊಣಕಾಲು ಮಡಿಚಿ ಕೂತು ಕಂಡೆ.

ಆಗಲೇ ಕುರುಗೋಡಿನಿಂದ ಈರಮ್ಮನ ಫೋನು. ನಾನಿಲ್ಲ ಎಂದು ತವರಿಗೆ ಹೋಗಿದ್ದಳು.

“ರೀ, ಡ್ಯಾಮಿನ ಗೇಟು ಎಲ್ಲಾ ತೆಗದಾರಂತ. ಹೊಳಿದಂಡಿ ಊರಾಗೆಲ್ಲ ಹೇಳಾಕತ್ತಾರ. ನಿಮ್ಮಕ್ಕ ಮಾತ್ರ ಎಮ್ಮಿ ಹಿಂಡಾಕ ಕುಂತಾರ.”

ರಾರಾವಿಗೆ ಫೋನು

ನಮಗೆ ಮಧ್ಯಾಹ್ನ, ರಾರಾವಿಗೆ ಇನ್ನೂ ಮುಂಜಾನೆ. ಅಕ್ಕನಿಗೆ ಫೋನು ಹಚ್ಚಿದೆ. ಹಾರುಕೋ ಎದುರಿಗೇ ಕೂತಳು, ಮಾತು ತಿಳಿಯದಿದ್ದರೂ.

“ಅಕ್ಕ, ಗೇಟು ತೆಗದಾರಂತಲ್ಲ?”

“ತೆಗೀಲಿ ಬಿಡು. ನಸುಕಿನಿಂದ ಆಟೋದಾಗ ಮೈಕ್ ಹಚ್ಚಿ ಒದರಾಕತ್ತಾರ. ಎಮ್ಮಿ ಬೆದರಿ ಹಾಲ ಕೊಡವಲ್ದು.”

“ಮಧ್ಯಾಹ್ನದೊಳಗ ನೀನು, ಮಾವ ಊರಾಗಿನ ಸಾಲಿಗೆ ಹೋಗ್ರಿ.”

“ಯಾಕ? ನೀರಿನ್ನೂ ಹಳ್ಳಕ್ಕ ಬಂದಿಲ್ಲ. ಜಪಾನದಾಗ ಕುಂತು ರಾರಾವಿ ಹೊಳಿ ಅಳಿತೀಯೇನ್ಲೇ?”

“ಒಂದ ಮಾತು ಕೇಳ್ತೀನಿ, ಖರೇ ಹೇಳು. ಹೋದ ಸಲ ಹೊಸ್ತಿಲಿಗೆ ನೀರು ಬರೋದ್ರೊಳಗ ಮೋರಿ ಮುಳಗಿತ್ತೋ ಇಲ್ಲೋ?”

ಆ ಕಡೆಯಿಂದ ಎಮ್ಮೆ ಮೂಸುವ ಸದ್ದು ಕೇಳಿಸಿತು.

“ಮುಳಗಿತ್ತು. ಅದು ಯಾವಾಗಲೂ ಮೊದ್ಲ ಮುಳಗತೈತಿ.”

“ಹಂಗಾರ ಹೊಸ್ತಿಲಿಗೆ ಬಂದ ಮ್ಯಾಲೆ ಹೆಂಗ ಹೋಗ್ತಿ?”

“ಹರಗೋಲು ತರ್ತೀಯಲ್ಲ ನೀನು.”

“ನಾನು ಇಲ್ಲೆ ಅದೀನಿ ಅಕ್ಕ! ಸಮುದ್ರದ ಆಚಿ ಅದೀನಿ!”

“ಅದಕ್ಕ ಗಂಗಮ್ಮ ಬರೋ ಹೊತ್ತಿಗೆ ಮನಿಗೆ ಕೀಲಿ ಹಾಕ್ಕೊಂಡು ಹೋಗು ಅಂತೀಯಾ?” ಅಕ್ಕನ ದನಿ ಏರಿತು. “ಅವ್ವ ಇದ್ದಿದ್ರ ನಿನ್ನ ಕಪಾಳಕ್ಕ ಕೊಡ್ತಿದ್ಲು. ನಾ ಬರಂಗಿಲ್ಲ. ಇಡು ಫೋನು.”

ಇಟ್ಟುಬಿಟ್ಟಳು.

ಅಕ್ಕನನ್ನು ಹೆದರಿಸಿ ಎಬ್ಬಿಸಲು ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ಅವಳಿಗೆ ನೀರಿನ ಭಯ ಇಲ್ಲ, ಮರ್ಯಾದೆ ತಪ್ಪುವ ಭಯ ಇದೆ. ಪಟ್ಟಿಯ ಮೇಲೆ ನಾನು ಬರೆದ ದಾರಿಯನ್ನೇ ನೋಡುತ್ತಾ ಕೂತೆ. ಹೊಸ್ತಿಲು, ತಗ್ಗು, ಮೋರಿ, ಅಗಸಿ. ಅಗಸಿ! ಮತ್ತೆ ಫೋನು ಹಚ್ಚಿದೆ.

“ಮತ್ತೇನ್ಲೇ?”

“ಅಕ್ಕ, ಬೀಗರು ಬಂದ್ರ ಎಲ್ಲಿ ಹೋಗಿ ಕರಕೊಂತೀವಿ?”

“ಅಗಸ್ಯಾಗ. ಇದನ್ನ ಕೇಳಾಕ ಜಪಾನದಿಂದ ಫೋನು ಮಾಡಿದ್ಯಾ?”

“ಬೀಗರಿಗೆ ಅಗಸಿತನಕ ಹೋಗ್ತಿ. ಗಂಗಮ್ಮಗ ಮಾತ್ರ ಒಳಗ ಕುಂತು, ಬಾಗಲತನಕ ತಾನ ಬರಲಿ ಅಂತಿ. ಇದು ಯಾವ ಮರ್ಯಾದಿ ಅಕ್ಕ?”

ಆ ಕಡೆ ದೂರದಿಂದ ಮಾವನ ನಗೆ. “ಹಿಡದ್ನಲ್ಲ ಹಂಪಿ, ನಿನ್ನ ತಮ್ಮ ನಿನ್ನ!”

“ನೀವು ಸುಮ್ಮನ ಕುಂಡ್ರಿ,” ಎಂದು ಅಕ್ಕ ಗದರಿದಳು. ನನಗೆ ಮೆಲ್ಲಗೆ ಕೇಳಿದಳು. “ಅಗಸಿತನಕ ಅಂದ್ರ ಎಲ್ಲಿತನಕ?”

“ಆಕಿ ಮೊದ್ಲ ಬರೋದು ಮೋರಿಗೆ. ಅದ ನಿಮ್ಮ ದಿಬ್ಬಕ್ಕ ಅಗಸಿ. ಉಡಿ ಸಾಮಾನು ತಗೊಂಡು ಅಲ್ಲಿಗೆ ಹೋಗಿ ಎದುರುಗೊಳ್ಳು. ಆದ್ರ ಮೋರಿ ದಾಟಿ ಊರ ಕಡಿ ದಂಡಿಗೆ ನಿಂದ್ರಬೇಕು.”

“ಅದ್ಯಾಕ ಆ ಕಡಿ?”

“ಈ ಕಡಿ ನಿಂತ್ರ ಹೊಳಿಗೆ ಬೆನ್ನು ಕೊಟ್ಟಂಗ ಆಗಂಗಿಲ್ಲೇನು?”

ಈ ಮಾತು ನನ್ನ ಬಾಯಿಗೆ ಹೇಗೆ ಬಂತೋ. ಅಕ್ಕ ಮನಸ್ಸಿನಲ್ಲೇ ನಿಂತು ನೋಡಿದಳೆಂದು ಕಾಣುತ್ತದೆ. ದಿಬ್ಬದ ಕಡೆ ನಿಂತು ಮೋರಿ ನೋಡಿದರೆ ಬೆನ್ನ ಹಿಂದೆ ಹೊಳೆ.

“ಅದೇನೋ ಖರೇ ಐತಿ,” ಎಂದಳು.

ಅದೇ ಸಂಜೆ

ಈರಮ್ಮ ಕುರುಗೋಡಿನಿಂದ ಬಸ್ಸಿನಲ್ಲಿ ಸಿರುಗುಪ್ಪಕ್ಕೆ, ಅಲ್ಲಿಂದ ಟಂಟಂ ಹತ್ತಿ ರಾರಾವಿಗೆ ಹೋದಳು. ಜಪಾನಿನಲ್ಲಿ ಹೊತ್ತು ಇಳಿಯುವಾಗ ವಿಡಿಯೋ ಫೋನು ಬಂತು. ಹಾರುಕೋ ಹೊಲಿಗೆ ಮನೆಯಲ್ಲಿ ನಾವು ಮೂವರೂ ಫೋನಿನ ಮೇಲೆ ಬಾಗಿದೆವು.

ಅಕ್ಕ ಹಸಿರು ಸೀರೆ ಉಟ್ಟು ಮೋರಿಯ ಊರ ಕಡೆ ದಂಡೆಯಲ್ಲಿ ನಿಂತಿದ್ದಳು. ಅವಳ ಹಿಂದೆ ದಿಬ್ಬದ ಉಳಿದ ಮೂರು ಮನೆಯ ಹೆಂಗಸರು, ಗಂಟು ಮೂಟೆ, ಎಮ್ಮೆಗಳು. ಹಳ್ಳಕ್ಕೆ ಆಗಷ್ಟೇ ಕೆಂಪು ನೀರು ಹಿಮ್ಮುಖವಾಗಿ ಬರುತ್ತಿತ್ತು, ಮೋರಿಯ ಕೊಳವೆಗಳಿಗೆ ಇನ್ನೂ ಅರ್ಧ. ಅಕ್ಕ ಬಾಗಿ ಖಣ, ಅಕ್ಕಿ, ಕಾಯಿ ಬಿಟ್ಟಳು. “ಬಂದೀ ತಾಯಿ. ಇಲ್ಲಿತನ ಬಂದು ನಿಂತೀನಿ ನೋಡು. ತಣ್ಣಗ ಹೋಗು.”

ಹಾರುಕೋ ಮರ್ಯಾದೆಯಿಂದ ಎರಡೂ ಕೈ ಜೋಡಿಸಿ ಫೋನಿಗೆ ತಲೆ ಬಾಗಿಸಿದಳು. ಅಕ್ಕನಿಗೆ ಅವಳು ಕಂಡಳು.

“ಯಾರ್ಲೇ ಅದು, ಮುದುಕಿ?”

“ನನ್ನ ಮೇಡಮ್ಮು.”

“ಎಷ್ಟು ಸಣ್ಣಾಕಿ ಅದಾಳ! ಊಟ ಹಾಕ್ತಾರಿಲ್ಲೋ ಅಲ್ಲಿ?” ಅಷ್ಟು ಹೇಳಿ, ತಾನೂ ಕೈ ಮುಗಿದಳು.

ಸೋಮವಾರ

ಮರುದಿನ ಕೆಲಸದ ನಡುವೆ ಈರಮ್ಮ ಸುದ್ದಿ ಕೊಟ್ಟಳು. ಮೋರಿಯ ಮೇಲೆ ಆಳುದ್ದ ನೀರು. ಆದರೆ ದಿಬ್ಬದ ಮನೆಗೆ ಬರಲಿಲ್ಲ. ಹೊಸ್ತಿಲಿಗೆ ಒಂದು ಗೇಣು ಕೆಳಗೆ ನಿಂತು, ಇಳಿಯತೊಡಗಿದೆ.

ನನ್ನ ಮುಖ ಸಣ್ಣದಾಯಿತು. ಬರಲಿಲ್ಲ! ಹೊಸ್ತಿಲು ಒದ್ದೆಯಾಗಲಿಲ್ಲ! ಇನ್ನು ಅಕ್ಕ ನನ್ನ ಮಾತು ಜನ್ಮದಲ್ಲಿ ಕೇಳುವುದಿಲ್ಲ. ಮುಂದಿನ ಸಲ ಅಲ್ಲೇ ಕೂಡುತ್ತಾಳೆ. ಸೊಂಟ ಮುರಿದವನಂತೆ ಹಾರುಕೋಗೆ ವಿಷಯ ಹೇಳಿಸಿದೆ. ಅವಳು ಚಪ್ಪಾಳೆ ತಟ್ಟಿದಳು! ಆರೂ ಹೆಂಗಸರು ಯಂತ್ರ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ನನ್ನ ಹರಗೋಲಿನ ಕಥೆಗೆ ತಟ್ಟದವರು ಇದಕ್ಕೆ ತಟ್ಟಿದರು.

“ನಾವು ಎಷ್ಟೋ ಸಲ ಸುಮ್ಮಸುಮ್ಮನೆ ಹೋಗಿ ಬಂದಿದೀವಿ ಅಂತಾಳೆ,” ಎಂದ ವೆಂಕಟೇಶ್ವರ್ಲು. “ವಾಪಸ್ ಬಂದು ಚಹಾ ಮಾಡಿ ಕುಡೀತಾರಂತೆ. ಒಣಗಿದ ಮನೆಯಲ್ಲಿ ಕೂತು ಕುಡಿಯೋ ಚಹಾಕ್ಕಿಂತ ರುಚಿ ಯಾವುದು ಅಂತ ಕೇಳ್ತಾಳೆ.”

ಅವಳಿಗೆ ಸರಿ. ಅಕ್ಕನಿಗೆ ಇದನ್ನು ಯಾರು ಹೇಳುವುದು? ಯಂತ್ರದ ವಿದ್ಯೆ ಉಳಿದ ದಿನಗಳಲ್ಲಿ ಪೂರ್ತಿ ಕಲಿತೆ, ಕಣ್ಣು ಕಟ್ಟಿದರೂ ಜೋಡಿಸುತ್ತೇನೆ. ಮನಸ್ಸು ಮಾತ್ರ ಆ ಒಂದು ಗೇಣಿನಲ್ಲೇ ಸಿಕ್ಕಿಕೊಂಡಿತ್ತು.

ರಾರಾವಿ

ಊರಿಗೆ ಬಂದ ಮೂರನೆಯ ದಿನ ರಾರಾವಿಗೆ ಹೋದೆ. ಹೊಳೆ ತನ್ನ ಪಾತ್ರಕ್ಕೆ ಇಳಿದಿತ್ತು. ಮೋರಿಯ ಮೇಲೆ ಕೆಸರು ಬಿಸಿಲಿಗೆ ಬಿರಿದಿತ್ತು. ಅಕ್ಕ ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ಮಾವ ಕಟ್ಟೆಯ ಮೇಲೆ ಕೂತಿದ್ದ. ಏನನ್ನುತ್ತಾಳೋ ಎಂದು ನಾನು ಚಪ್ಪಲಿ ಬಿಡುವುದನ್ನೇ ನಿಧಾನ ಮಾಡಿದೆ.

ಅಷ್ಟರಲ್ಲಿ ಊರೊಳಗಿನ ಗಾದಿಲಿಂಗಪ್ಪ ದಾರಿಯಲ್ಲಿ ಹೋಗುತ್ತಾ ನಿಂತ. ಅವನದು ಯಾವಾಗಲೂ ಕೆಣಕುವ ಬಾಯಿ.

“ಏನಪಾ ಪಂಪಾಪತಿ, ಜಪಾನದಿಂದ ಬಂದ್ಯಾ? ನಿಮ್ಮಕ್ಕನ ಸುದ್ದಿ ಕೇಳಿದಿಲ್ಲೋ? ನೀರು ಬಾಗಲಿಗೆ ಬರಲೇ ಇಲ್ಲ, ಹಂಪಮ್ಮ ನಾಲ್ಕು ಮನಿ ಕಟ್ಟಿಕೊಂಡು ಓಡಿಹೋದ್ಲು!”

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮೊರ ಕೆಳಗಿಟ್ಟಳು.

“ಓಡಲಿಲ್ಲೋ ಗಾದಿಲಿಂಗ. ನಡಕೊಂಡು ಹೋದ್ನಿ. ನಮ್ಮ ಮನಿಯವರೂ ನಡಕೊಂಡ ಬಂದ್ರು, ಯಾರ ಹೆಗಲೂ ಹತ್ತಲಿಲ್ಲ. ಮುಂದಿನ ಸಲಾನೂ ಹಂಗ ಹೋಗ್ತೀವಿ. ನೀ ಬೇಕಾದ್ರ ಅಗಸ್ಯಾಗ ನಿಂತು ನೋಡು.”

ಗಾದಿಲಿಂಗಪ್ಪ ಮಾವನ ಕಡೆ ನೋಡಿದ. ಮಾವ ಕೋಲನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡ.

“ದಾರ್ಯಾಗ ಎರಡ ಸಲ ನಿಂತಿದ್ನಿ,” ಎಂದ. “ಬೀಡಿ ಸೇದಾಕ.”